ಕಡಲಿನಿಂದ ಚಕ್ರವ್ಯೂಹಕ್ಕೆ

ಗೆದ್ದ ಕಾದಂಬರಿಯನ್ನು ಮುಂದುವರಿಸಲು ಸುಲಭದ ದಾರಿಯೊಂದಿದೆ: ಅದೇ ನಾಯಕ, ಇನ್ನೂ ದೊಡ್ಡ ಶತ್ರು. ಉರ್ಸುಲಾ ಲೆ ಗ್ವಿನ್ ಅದನ್ನು ಹಿಡಿಯಲಿಲ್ಲ. 1968ರ ‘ಎ ವಿಜರ್ಡ್ ಆಫ್ ಅರ್ತ್‌ಸೀ’ಯಲ್ಲಿ ಗಾಂಟ್ ದ್ವೀಪದ ಗೆಡ್ ಮಂತ್ರವಿದ್ಯೆ ಕಲಿಯುವಾಗ ಹಮ್ಮಿಗೆ ಬಿದ್ದು ಕರಾಳ ನೆರಳೊಂದನ್ನು ಲೋಕಕ್ಕೆ ಬಿಡುತ್ತಾನೆ, ಕೊನೆಗೆ ಕಡಲುದ್ದಕ್ಕೂ ಅದನ್ನೇ ಬೆನ್ನಟ್ಟುತ್ತಾನೆ. 1971ರ ‘ದಿ ಟೂಂಬ್ಸ್ ಆಫ್ ಅಟುವಾನ್’ ಆ ವಿಶಾಲ ಕಡಲನ್ನೇ ಬಿಟ್ಟು, ಮರುಭೂಮಿಯ ದೇಗುಲವೊಂದರ ಅಡಿಯಲ್ಲಿರುವ ಚಕ್ರವ್ಯೂಹಕ್ಕೆ ಇಳಿಯುತ್ತದೆ.

ಕಥೆಯ ಮೂರನೆಯ ಒಂದು ಭಾಗ ಕಳೆದರೂ ಗೆಡ್‌ನ ಸುಳಿವಿಲ್ಲ. ಇಲ್ಲಿರುವವಳು ಟೆನಾರ್, ಸತ್ತ ಪ್ರಧಾನ ಅರ್ಚಕಿಯ ಮರುಹುಟ್ಟೆಂದು ಎಳವೆಯಲ್ಲೇ ಮನೆಯಿಂದ ತಂದ ಹುಡುಗಿ. ಮೊದಲ ಕಾದಂಬರಿಯಲ್ಲಿ ನಿಜನಾಮ ತಿಳಿಯುವುದೇ ಶಕ್ತಿ. ಇಲ್ಲಿ ಹೆಸರು ಕಿತ್ತುಕೊಂಡು ಆಕೆಯನ್ನು ‘ಅರ್ಹಾ’ ಮಾಡುತ್ತಾರೆ. ತಾವೇ ಕಟ್ಟಿದ ನಿಯಮವನ್ನು ಲೇಖಕಿ ಹೀಗೆ ಅಧಿಕಾರದ ಕ್ರೌರ್ಯ ತೋರಿಸಲು ತಿರುಗಿಸಿಕೊಂಡಿದ್ದಾರೆ.

ಗೆಡ್ ಬಂದಾಗ ಆತ ಯಾರೆಂದು ನಮಗೆ ಗೊತ್ತು, ಟೆನಾರ್‌ಗೆ ಗೊತ್ತಿಲ್ಲ. ಅವಳ ಕಣ್ಣಿಗೆ ಅವನೊಬ್ಬ ಕಳ್ಳ. ಕೊಲ್ಲಬೇಕೋ ಉಳಿಸಬೇಕೋ ಎಂಬ ಅವಳ ತೊಳಲಾಟಕ್ಕೆ ಬಿಗಿ ಬರುವುದು ಮೊದಲ ಕಾದಂಬರಿಯ ನೆನಪಿನಿಂದಲೇ. ಅಲ್ಲಿ ಮುದುಕಿಯೊಬ್ಬಳು ಗೆಡ್‌ಗೆ ಕೊಟ್ಟ ಮುರಿದ ಉಂಗುರದ ಅರ್ಧಕ್ಕೆ ಇಲ್ಲಿ ಉಳಿದರ್ಧ ಸಿಗುತ್ತದೆ. ಆದರೆ ಇಬ್ಬರಲ್ಲಿ ಯಾರೊಬ್ಬರೂ ಒಂಟಿಯಾಗಿ ಹೊರಬರಲಾರರು: ಕುಸಿಯುವ ನೆಲವನ್ನು ತಡೆಯುವ ಮಂತ್ರ ಅವನದು, ಕತ್ತಲಲ್ಲಿ ತಿರುವುಗಳ ನೆನಪು ಅವಳದು.

ಹೋಲಿಸಿದರೆ ಮೊದಲ ಕಾದಂಬರಿ ಪ್ರಸಂಗಗಳ ಸರಮಾಲೆ. ಪೆಂಡಾರ್‌ನ ಡ್ರ್ಯಾಗನ್, ಆಸ್ಕಿಲ್‌ನ ಮಾಯಾಶಿಲೆ ಒಂದೊಂದೂ ಸೊಗಸು. ನಡುನಡುವೆ ಓಟ ಮಾತ್ರ ಸಡಿಲ. ಅಟುವಾನ್‌ನಲ್ಲಿ ಒಂದು ಪುಟವೂ ಹೆಚ್ಚಿಲ್ಲ.

ಹಾಗೆಂದು ದೋಷವೇ ಇಲ್ಲವೆಂದಲ್ಲ. ಬಿಡುಗಡೆಯ ಬಾಗಿಲು ತೆರೆಯಲು ಹೊರಗಿನ ಗಂಡಸೇ ಬರಬೇಕಾಯಿತು. ಗೆಡ್ ಮಂತ್ರವಿದ್ಯೆ ಕಲಿತ ರೋಕ್‌ನ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಜಾಗವಿಲ್ಲದ ಲೋಕದಲ್ಲಿ ಬಿಡುಗಡೆಯಾದವಳು ಮುಂದೆ ಏನಾಗಿ ಬದುಕಬೇಕೆಂಬ ಪ್ರಶ್ನೆ ಕಥೆ ಮುಗಿಯುವ ಹಾವ್ನರ್ ಬಂದರಿನಲ್ಲೇ ನಿಂತುಬಿಡುತ್ತದೆ. ಅದನ್ನು ಲೇಖಕಿ ನೇರವಾಗಿ ಎದುರಿಸಿದ್ದು 1990ರ ‘ತೆಹಾನು’ವಿನಲ್ಲಿ.

ಲೋಕ ಕಟ್ಟುವ ಕಸುವಿನಲ್ಲಿ ಮೊದಲನೆಯದೇ ಮೇಲು, ಕಾದಂಬರಿಯಾಗಿ ಎರಡನೆಯದು. ಎರಡನ್ನೂ ಬರೆದ ಕ್ರಮದಲ್ಲೇ ಓದಿ.