ಕನ್ನಡ ವಿಳಾಸ ಎಲ್ಲಿ ಮುಗ್ಗರಿಸುತ್ತದೆ?

ಆಲ್ದೂರಿನ ಕಾಫಿ ತೋಟವೋ ಹೋಂಸ್ಟೇಯೋ ತನ್ನ ಜಾಲತಾಣಕ್ಕೆ ‘ಡಾಟ್ ಭಾರತ’ ಎಂದು ಮುಗಿಯುವ ಅಚ್ಚ ಕನ್ನಡ ವಿಳಾಸ ಪಡೆಯಬಹುದು. 2014ರ ಆಗಸ್ಟ್‌ನಲ್ಲಿ ದೇವನಾಗರಿಯಲ್ಲಿ ಆರಂಭವಾದ ಈ ಸೌಲಭ್ಯ ಆಮೇಲೆ ಕನ್ನಡ ಲಿಪಿಗೂ ಬಂತು. ನೋಡಿಕೊಳ್ಳುವುದು ನಿಕ್ಸಿ ಸಂಸ್ಥೆ. ಆದರೂ ಮಲೆನಾಡಿನ ಬೋರ್ಡುಗಳಲ್ಲಿ ಕಾಣುವುದು ರೋಮನ್ ವಿಳಾಸವೇ. ಇದಕ್ಕೆ ಕನ್ನಡಿಗರ ನಿರಭಿಮಾನವನ್ನು ದೂರುವುದು ನಮಗೆ ರೂಢಿ. ಕೊರತೆ ಇರುವುದು ಅಲ್ಲಲ್ಲ. ಹೆಸರು ಹುಡುಕಿಕೊಡುವ ಸರ್ವರಿಗೆ ಕನ್ನಡ ಗೊತ್ತೇ ಇಲ್ಲ. ಗೊತ್ತಿರಬೇಕಾದ ಬ್ರೌಸರ್, ಇಮೇಲ್, ಅರ್ಜಿ ನಮೂನೆಗಳು ಅರೆಬರೆ ಕಲಿತಿವೆ.

ಇಂಟರ್ನೆಟ್ಟಿನ ಪೂರ್ವರೂಪವಾದ ಅರ್ಪಾನೆಟ್ ಕಾಲದಲ್ಲಿ ಜಾಲದ ದೊಡ್ಡ ಯಂತ್ರಗಳ ಹೆಸರು, ಸಂಖ್ಯೆಗಳೆಲ್ಲ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಒಂದೇ ಪಟ್ಟಿಯಲ್ಲಿದ್ದವು. ಉಳಿದವರು ಅದರ ಪ್ರತಿ ತರಿಸಿಕೊಳ್ಳಬೇಕಿತ್ತು. ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಬಿಟ್ಟು ಬೇರೇನೂ ಸಲ್ಲದು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಹೆಸರು ಹುಡುಕಿಕೊಡುವ ವ್ಯವಸ್ಥೆಯಾದ ಡಿಎನ್‌ಎಸ್ ರೂಪಿಸಿದ ಮೇಲೆ ಆ ಪಟ್ಟಿಯ ಕಾಲ ಮುಗಿಯುತ್ತ ಬಂತು, ಕಟ್ಟುಪಾಡು ಉಳಿಯಿತು. ಡಿಎನ್‌ಎಸ್ ರಚನೆಗೆ ಅದು ಅನಿವಾರ್ಯವೇನೂ ಆಗಿರಲಿಲ್ಲ. 2003ರಲ್ಲಿ ಬಂದ ಪ್ಯೂನಿಕೋಡ್ ಅದನ್ನು ಮುರಿಯುವ ಬದಲು ಬಳಸಿ ಹೋಯಿತು: ಕನ್ನಡ ಹೆಸರನ್ನು ಬ್ರೌಸರೇ ರೋಮನ್ ಅಕ್ಷರ-ಅಂಕಿಗಳ ಸರಣಿಯಾಗಿಸಿ ಸರ್ವರಿಗೆ ಕೊಡುತ್ತದೆ. ಹಳೆಯ ಸರ್ವರುಗಳನ್ನು ಮುಟ್ಟದೆ ಕೆಲಸ ನಡೆದದ್ದು ಜಾಣತನವೇ. ಆದರೆ ಭಾರವೆಲ್ಲ ಬಳಕೆದಾರನ ಕಡೆಯ ತಂತ್ರಾಂಶಗಳ ಹೆಗಲಿಗೆ ಬಿತ್ತು, ಅವೆಲ್ಲ ಒಂದೇ ಹದಕ್ಕೆ ಬಂದಿಲ್ಲ.

‘ಎಸ್ಟೇಟ್‌ಕಾಫಿ’ ಎಂಬ ಹೆಸರನ್ನೇ ನೋಡಿ. ವಿಳಾಸದಲ್ಲಿ ಖಾಲಿ ಜಾಗ ಬಿಡುವಂತಿಲ್ಲ. ‘ಟ್’ ಮತ್ತು ‘ಕಾ’ ಒತ್ತಕ್ಷರವಾಗಿ ಅಂಟದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು. ಪ್ಯೂನಿಕೋಡ್ ಜೊತೆಗೆ ಬಂದ 2003ರ ನಿಯಮ ಅದನ್ನು ಸದ್ದಿಲ್ಲದೆ ಅಳಿಸುತ್ತಿತ್ತು. 2010ರ ನಿಯಮ ಹಲಂತ ಚಿಹ್ನೆಯ (್) ನಂತರ ಅದಕ್ಕೆ ಅನುಮತಿ ಕೊಟ್ಟಿತು. ಒಂದು ತಂತ್ರಾಂಶ ಹಳೆಯದನ್ನೂ ಇನ್ನೊಂದು ಹೊಸದನ್ನೂ ಪಾಲಿಸಿದರೆ ಅದೇ ಹೆಸರು ಎರಡು ಬೇರೆ ಸರಣಿಗಳಾಗುತ್ತದೆ. ಅಡ್ಡಗೆರೆ ಹಾಕಿ ಪಾರಾಗಬಹುದು, ನಿಜ. ಆದರೆ ಹಾಗೆ ಯಾರು ಬರೆಯುತ್ತಾರೆ? ಇಮೇಲಿನದು ಇನ್ನೂ ಕಷ್ಟ. ಕನ್ನಡ ಮೇಲ್ ವಿಳಾಸಕ್ಕೆ ಬೇಕಾದ ಮಾನಕ 2012ರಿಂದ ಇದ್ದರೂ, ಅಂಥ ವಿಳಾಸವನ್ನು ‘ತಪ್ಪು’ ಎಂದು ತಳ್ಳಿಹಾಕುವ ನಮೂನೆಗಳಿಗೆ ಬರವಿಲ್ಲ.

ವಿಳಾಸವನ್ನು ಈಗ ಯಾರು ಟೈಪ್ ಮಾಡುತ್ತಾರೆ, ಕ್ಯೂಆರ್ ಕೋಡ್ ಇದೆಯಲ್ಲ ಎನ್ನುವವರಿದ್ದಾರೆ. ಕ್ಯೂಆರ್ ಕೋಡನ್ನು ಕಣ್ಣು ಓದಲಾರದು. ಹಣ ಕಟ್ಟುವ ಮುನ್ನ ತಾನು ಯಾರ ತಾಣದಲ್ಲಿದ್ದೇನೆ ಎಂದು ತಿಳಿಯಲು ವಿಳಾಸವನ್ನೇ ಓದಬೇಕು. ವಿಳಾಸ ರೋಮನ್ ಲಿಪಿಯಲ್ಲಿದ್ದರೆ ಕನ್ನಡ ಮಾತ್ರ ಬಲ್ಲವರಿಗೆ ಆ ಕಾವಲು ಇಲ್ಲ. ಇದಕ್ಕಿಂತ ತೂಕದ ಆಕ್ಷೇಪವೆಂದರೆ ಮೋಸದ್ದು: ಕನ್ನಡ, ತೆಲುಗಿನ ‘ರ’, ‘ಲ’, ‘ಜ’ಗಳು ತದ್ರೂಪಿಗಳಂತಿವೆ. ಡೊಮೇನ್ ಹೆಸರುಗಳ ಜಾಗತಿಕ ಉಸ್ತುವಾರಿ ಸಂಸ್ಥೆ ಐಕ್ಯಾನ್‌ನ ನವಬ್ರಾಹ್ಮಿ ಸಮಿತಿ ಇಂಥ ಜೋಡಿಗಳನ್ನು ಗುರುತಿಸಿ, ಒಂದು ಲಿಪಿಯಲ್ಲಿ ಕೊಟ್ಟ ಹೆಸರಿನ ತದ್ರೂಪು ಇನ್ನೊಂದು ಲಿಪಿಯಲ್ಲಿ ಬೇರೆಯವರ ಪಾಲಾಗದಂತೆ ನಿಯಮ ಮಾಡಿದೆ. ಅದು ಡೊಮೇನಿನ ತುತ್ತತುದಿಗೆ ಮಾತ್ರ ಅನ್ವಯ. ಅದರ ಕೆಳಗೆ ಆಲ್ದೂರಿನ ತೋಟದ ಹೆಸರನ್ನು ಕಾಯಬೇಕಾದದ್ದು ನೋಂದಣಿ ಮಾಡಿಕೊಳ್ಳುವ ಸಂಸ್ಥೆ.