ಸ್ಲೋ ಸ್ಕ್ರೂ ಸರ್ವರೋಗಕ್ಕೂ ಮದ್ದಲ್ಲ

ಕಾಲು ತೆಗೆದ ಮೇಲೂ ರೇಸ್ ಇಳಿಯದ ಕಾರಿಗೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಔಷಧಿ: ಸ್ಲೋ ಸ್ಕ್ರೂ ಇಳಿಸಿ. ಮೆಕ್ಯಾನಿಕ್ ಹೇಳುತ್ತಾನೆ, ಟ್ಯಾಕ್ಸಿ ಓಡಿಸುವವರು ಹೇಳುತ್ತಾರೆ, ಜೀವಮಾನದಲ್ಲಿ ಬಾನೆಟ್ ಎತ್ತದ ಮಾವನವರೂ ಹೇಳುತ್ತಾರೆ. ಬಿಸಿಯಾದ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 700ರಿಂದ 900 ಆರ್‌ಪಿಎಂನಲ್ಲಿ ನಿಲ್ಲಬೇಕು. 1,400ರಲ್ಲಿ ನಿಂತರೆ ತಿರುಪು ತಿರುಗಿಸಿ 800ಕ್ಕೆ ತಂದರಾಯಿತು ಎಂಬುದು ನಂಬಿಕೆ. ಇದು ಜ್ವರಕ್ಕೆ ಮದ್ದು ಕೊಡುವ ಬದಲು ಥರ್ಮಾಮೀಟರನ್ನು ಒದರಿ ಪಾದರಸ ಇಳಿಸಿದ ಹಾಗೆ.

ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಅಂಬಾಸಿಡರ್, ಪದ್ಮಿನಿ, 1983ರಲ್ಲಿ ಬಂದ ಮಾರುತಿ 800 ಎಲ್ಲವೂ ಮೂಲತಃ ಕಾರ್ಬುರೇಟರ್ ಕಾರುಗಳು. ಅವುಗಳಲ್ಲಿ ಆ ತಿರುಪು ಇದ್ದದ್ದೇ ಐಡ್ಲಿಂಗ್ ಹೊಂದಿಸುವುದಕ್ಕೆ. ಮೀಟರಿಲ್ಲದೆ ಕಿವಿಯಲ್ಲೇ ಆರ್‌ಪಿಎಂ ಅಳೆಯುತ್ತಿದ್ದ ಹಳೆಯ ಮೇಸ್ತ್ರಿಗಳ ಕಿವಿಗೆ ಈಗಲೂ ಕೈ ಮುಗಿಯಬೇಕು. ಆದರೆ ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂದ ಮೇಲೆ ಐಡ್ಲಿಂಗ್ ಎಷ್ಟಿರಬೇಕೆಂದು ತೀರ್ಮಾನಿಸುವುದು ಇಸಿಯು ಎಂಬ ಎಂಜಿನ್ ಕಂಪ್ಯೂಟರ್. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಪಕ್ಕದಲ್ಲಿ ಕಾಣುವ ಪುಟ್ಟ ತಿರುಪು ಒಳಗಿನ ತಟ್ಟೆ ಕೊಳವೆಗೆ ಕಚ್ಚಿಕೊಳ್ಳದಂತೆ ತಡೆಯುವ ಆಸರೆ ಅಷ್ಟೆ. ಕಾರ್ಖಾನೆಯಲ್ಲಿ ಕೂರಿಸಿ, ಎಷ್ಟೋ ಕಾರುಗಳಲ್ಲಿ ಬಣ್ಣದ ಚುಕ್ಕೆಯನ್ನೂ ಇಟ್ಟಿರುತ್ತಾರೆ. ಅದನ್ನು ಬಿಚ್ಚಿ ಇಳಿಸಿದರೆ ತಟ್ಟೆ ಕಚ್ಚುತ್ತದೆ. ಮೇಲಕ್ಕೆ ತಿರುಗಿಸಿದರೆ ಥ್ರಾಟಲ್ ಪೂರ್ತಿ ಮುಚ್ಚಿದೆ ಎಂಬ ಸುದ್ದಿಯೇ ಇಸಿಯುಗೆ ಸರಿಯಾಗಿ ತಲುಪುವುದಿಲ್ಲ. ಇಳಿಜಾರಿನಲ್ಲಿ ಕಾಲು ತೆಗೆದಾಗ ಪೆಟ್ರೋಲ್ ನಿಲ್ಲಿಸುವ ವ್ಯವಸ್ಥೆಯೂ ಆಗ ಎಡವುತ್ತದೆ.

ಪೆಟ್ರೋಲ್ ಎಂಜಿನ್ ತಾನಾಗಿ ಏರಬೇಕಾದರೆ ಎಲ್ಲಿಂದಲೋ ಹೆಚ್ಚಿನ ಗಾಳಿ ಸಿಗುತ್ತಿರಬೇಕು. ಒಂದೋ ತಟ್ಟೆ ಪೂರ್ತಿ ಮುಚ್ಚುತ್ತಿಲ್ಲ, ಇಲ್ಲವೇ ಇಸಿಯು ತಾನೇ ಗಾಳಿ ಬಿಡುತ್ತಿದೆ, ಅದೂ ಅಲ್ಲದಿದ್ದರೆ ಎಲ್ಲೋ ಸೀಳು ಬಿಟ್ಟು ಎಂಜಿನ್ ‘ಏರ್ ಎಳೀತೈತೆ’. ಈ ಮೂರರಲ್ಲಿ ಯಾವುದು ಎಂದು ತಿಳಿಯುವ ಮೊದಲು ಸ್ಪಾನರ್ ಹಿಡಿಯುವುದೇ ತಪ್ಪು. ಆಕ್ಸಿಲರೇಟರ್ ಕೇಬಲ್ ಬಿಗಿದಿದೆಯೇ, ಕಾಲಡಿಯ ಮ್ಯಾಟ್ ಪೆಡಲಿಗೆ ಸಿಕ್ಕಿದೆಯೇ ಎಂದು ನೋಡಲು ಒಂದು ನಿಮಿಷ ಸಾಕು.

ಸ್ಕ್ರೂ ಬೇಡ ಎನ್ನುವವರು ಈಗ ಹೊಸ ಮದ್ದು ಹಿಡಿದಿದ್ದಾರೆ: ಥ್ರಾಟಲ್ ಬಾಡಿ ಕ್ಲೀನಿಂಗ್. ಪ್ರತಿ ಸರ್ವಿಸ್ ಬಿಲ್ಲಿನಲ್ಲೂ ಅದಕ್ಕೊಂದು ಸಾಲು. ಯೋಚಿಸಿ ನೋಡಿ, ಕರಿ ಕಟ್ಟಿದರೆ ಗಾಳಿಯ ದಾರಿ ಕಿರಿದಾಗುತ್ತದೆ, ಐಡ್ಲಿಂಗ್ ಬೀಳುತ್ತದೆ, ಸಿಗ್ನಲ್‌ನಲ್ಲಿ ಬಂಡಿ ಆಫ್ ಆಗುತ್ತದೆ. ರೇಸ್ ಏರಿದ ಕಾರಿಗೆ ಅದೇ ಮೊದಲ ಮದ್ದು ಹೇಗಾದೀತು? ತಟ್ಟೆ ಅಂಟಿಕೊಂಡು ಅರೆತೆರೆದು ನಿಂತಿದ್ದರೆ ಮಾತು ಬೇರೆ. ಇನ್ನೊಂದು ತಮಾಷೆ: ಕರಿ ಕಟ್ಟಿದ ಕೊಳವೆಗೆ ಒಗ್ಗಿಕೊಂಡಿದ್ದ ಇಸಿಯು, ಕ್ಲೀನ್ ಮಾಡಿದ ಮೇಲೂ ಹಳೆಯ ಲೆಕ್ಕದಲ್ಲೇ ಗಾಳಿ ಬಿಡುತ್ತದೆ. ಸರಿಯಿದ್ದ ಕಾರೇ ಗ್ಯಾರೇಜಿನಿಂದ ಕಿರುಚುತ್ತ ಹೊರಬರುವುದು ಹೀಗೆ. ಇಸಿಯುಗೆ ಹೊಸ ಲೆಕ್ಕ ಕಲಿಸುವ ಐಡಲ್ ರೀಲರ್ನ್ ಮಾಡದೆ ಕೀ ಕೊಟ್ಟರೆ ಕೆಲಸ ಅರ್ಧಕ್ಕೇ ಬಿಟ್ಟಂತೆ.

ನಿಡಘಟ್ಟದಂಥ ಊರಿಗೆ ಹೆಚ್ಚು ತಾಗುವುದು ಮೂರನೆಯ ನಂಬಿಕೆ: ಥರ್ಮೋಸ್ಟಾಟ್ ಬೇಡ. ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಎರಡು ಭಾಗವಾಗಿ ಕಟ್ಟಿದಾಗ ಭಾಗಗಳು ಕೂಡಿದ್ದು ಇಲ್ಲೇ. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಅದರ ಉದ್ಘಾಟನೆಯಾಯಿತು. ಮೊದಲು ಚನ್ನಪಟ್ಟಣ, ಮದ್ದೂರು ಪೇಟೆಗಳಲ್ಲಿ ನಿಂತು ನಿಂತು ಕಾಯುತ್ತಿದ್ದ ಎಂಜಿನ್ ಈಗ ನೂರರ ವೇಗದ ಗಾಳಿಗೆ ಎದೆಯೊಡ್ಡಿ ಓಡುತ್ತದೆ. ‘ನಮ್ ಬಿಸ್ಲಿಗೆ ಥರ್ಮೋಸ್ಟಾಟ್ ಯಾಕ್ ಸಾ, ಕಿತ್ತಾಕುಡಿ, ತಣ್ಣಗಿರ್ತದೆ’ ಎಂದು ಹಿಂದೆ ಕಿತ್ತೆಸೆದ ಕಾರುಗಳ ಬಣ್ಣ ಬಯಲಾಗುವುದು ಆಗಲೇ. ಕೂಲಂಟ್ 82 ಡಿಗ್ರಿಯ ಸುಮಾರಿಗೆ ಬರುವ ತನಕ ರೇಡಿಯೇಟರ್ ಕಡೆಯ ದಾರಿ ಮುಚ್ಚಿಟ್ಟುಕೊಳ್ಳುವುದು ಆ ವಾಲ್ವಿನ ಕೆಲಸ. ಅದಿಲ್ಲದೆ ಹೆದ್ದಾರಿಯ ಗಾಳಿಗೆ ಎಂಜಿನ್ ಅರೆಬೆಚ್ಚಗೇ ಉಳಿಯುತ್ತದೆ. ಸೆನ್ಸರ್ ‘ಇನ್ನೂ ತಣ್ಣಗಿದೆ’ ಎನ್ನುತ್ತದೆ, ಇಸಿಯು ಪೆಟ್ರೋಲನ್ನೂ ಐಡ್ಲಿಂಗನ್ನೂ ಏರಿಸಿಡುತ್ತದೆ. ಸರ್ವಿಸ್ ರಸ್ತೆಗೆ ಇಳಿದು ಟೀ ಅಂಗಡಿ ಮುಂದೆ ನಿಂತಾಗ ಮುಳ್ಳು ಸಾವಿರದಾಚೆಯೇ. ಇಲ್ಲಿ ಇಸಿಯು ಕೆಟ್ಟಿಲ್ಲ, ತನಗೆ ಬಂದ ಸುದ್ದಿಯಂತೆ ನಡೆದಿದೆ. ಈ ಕಾರಿನ ಸ್ಕ್ರೂ ಇಳಿಸುವವರಿಗೆ ಏನು ಹೇಳುವುದು! ಕೂಲಂಟ್ ಕಡಿಮೆಯಾಗಿ ಸೆನ್ಸರ್ ಬಳಿ ಗಾಳಿಗುಳ್ಳೆ ನಿಂತರೂ, ಸೆನ್ಸರೇ ಕೆಟ್ಟರೂ ಇದೇ ಕಥೆ.

ಸ್ಕ್ಯಾನರ್ ಇದ್ದರೆ ಸಾಕಲ್ಲ ಎನ್ನುವವರೂ ಇದ್ದಾರೆ. ಪಿ0507 ಎಂಬ ಕೋಡ್ ಬರುತ್ತದೆ. ಅದರ ಅರ್ಥ, ಐಡ್ಲಿಂಗ್ ಇರಬೇಕಾದ್ದಕ್ಕಿಂತ ಹೆಚ್ಚಿದೆ. ಕಿವಿ ಇದ್ದವರಿಗೆ ಅದು ಮೊದಲೇ ಗೊತ್ತು! ಸ್ಕ್ಯಾನರಿನ ನಿಜವಾದ ಉಪಯೋಗ ಓಡುತ್ತಿರುವ ಎಂಜಿನ್ನಿನ ಅಂಕಿಗಳಲ್ಲಿದೆ: ಕೂಲಂಟ್ ಎಷ್ಟು ಡಿಗ್ರಿ, ಥ್ರಾಟಲ್ ಎಷ್ಟು ತೆರೆದಿದೆ, ಮ್ಯಾನಿಫೋಲ್ಡ್ ಒತ್ತಡ ಎಷ್ಟು. ಬಿಸಿ ಎಂಜಿನ್ ಸುಮ್ಮನೆ ನಿಂತಾಗ ಆ ಒತ್ತಡ 30ರಿಂದ 40 ಕಿಲೋಪಾಸ್ಕಲ್ ಆಸುಪಾಸು ಇರಬೇಕು. ನಮ್ಮ ಎಷ್ಟೋ ಸಣ್ಣ ಕಾರುಗಳು ಗಾಳಿಯನ್ನು ನೇರವಾಗಿ ಅಳೆಯದೆ ಈ ಒತ್ತಡದಿಂದಲೇ ಲೆಕ್ಕ ಹಾಕುತ್ತವೆ. ಹಾಗಾಗಿ ಕದ್ದು ನುಗ್ಗಿದ ಗಾಳಿಗೂ ಸರಿಯಾಗಿ ಪೆಟ್ರೋಲ್ ಸೇರಿಸುತ್ತವೆ. ಎಂಜಿನ್ ಒದ್ದಾಡುವುದಿಲ್ಲ, ನುಣ್ಣಗೆ ಮೇಲಕ್ಕೇರುತ್ತದೆ. ಏರ್ ಫ್ಲೋ ಸೆನ್ಸರ್ ಇರುವ ಕಾರಾದರೆ ಅಳತೆಗೆ ಸಿಗದ ಆ ಗಾಳಿಯಿಂದ ಮಿಶ್ರಣ ತೆಳುವಾಗಿ ನಡುಗುತ್ತದೆ. ಒಂದೇ ಸೀಳು ಎರಡು ಬಂಡಿಗಳಲ್ಲಿ ಎರಡು ಥರ ಕಾಣಿಸಿಕೊಳ್ಳುತ್ತದೆ.

ಸೀಳು ಹುಡುಕಲು ದೊಡ್ಡ ಯಂತ್ರ ಬೇಕಿಲ್ಲ. ಎಂಜಿನ್ ಓಡುತ್ತಿರುವಾಗ ವ್ಯಾಕ್ಯೂಮ್ ಪೈಪುಗಳನ್ನು ಒಂದೊಂದಾಗಿ, ಬಟ್ಟೆ ಸುತ್ತಿದ ಇಕ್ಕಳದಲ್ಲಿ ಅದುಮುತ್ತ ಬನ್ನಿ. ಯಾವುದನ್ನು ಹಿಸುಕಿದಾಗ ರೇಸ್ ದಡಕ್ಕನೆ ಇಳಿಯಿತೋ ಅದರ ಆಚೆ ತುದಿಯಲ್ಲಿ ಕಳ್ಳನಿದ್ದಾನೆ. ಹತ್ತು ವರ್ಷದ ರಬ್ಬರ್ ಮೇಲಿನಿಂದ ಚೆನ್ನಾಗಿಯೇ ಕಾಣುತ್ತದೆ, ಬಗ್ಗಿಸಿದರೆ ಕೆಳಮೈಯಲ್ಲಿ ಬಾಯಿ ಬಿಡುತ್ತದೆ. ಎಂಜಿನ್ ಒಳಗಿನ ಹೊಗೆಯನ್ನು ಮ್ಯಾನಿಫೋಲ್ಡಿಗೆ ಎಳೆಯುವ ಪಿಸಿವಿ ಪೈಪಿನ ತಿರುವು ಮತ್ತು ಬ್ರೇಕ್ ಬೂಸ್ಟರಿನ ಪೈಪು ಮೊದಲ ಅನುಮಾನಕ್ಕೆ ಅರ್ಹ. ಬ್ರೇಕ್ ಒತ್ತಿದಾಗ ಬುಸ್ ಎಂದು ಸದ್ದಾಗಿ ಐಡ್ಲಿಂಗ್ ಬದಲಾದರೆ ಬೂಸ್ಟರನ್ನೇ ಹಿಡಿಯಬೇಕು. ಆಗ ಪೆಟ್ರೋಲಿಗಿಂತ ಪ್ರಾಣದ ಚಿಂತೆ ಹೆಚ್ಚು. ಕಾರ್ಬ್ ಕ್ಲೀನರ್ ಸಿಂಪಡಿಸಿ ನೋಡುವ ಪದ್ಧತಿಯೂ ಇದೆ, ಬಿಸಿ ಎಗ್ಸಾಸ್ಟ್ ಪಕ್ಕದಲ್ಲಿ ಅದು ಬೆಂಕಿಯ ಆಟ.

ಇಷ್ಟೆಲ್ಲ ತಿಳಿದ ಮೆಕ್ಯಾನಿಕ್‌ಗಳು ನಮ್ಮ ರಸ್ತೆಬದಿಯಲ್ಲಿಲ್ಲವೇ? ಇದ್ದಾರೆ. ಆದರೆ ಅರ್ಧ ಗಂಟೆ ಹುಡುಕಿ, ಐವತ್ತು ರೂಪಾಯಿಯ ಪೈಪ್ ಬದಲಿಸಿ ಐನೂರು ಕೇಳಿದರೆ ‘ಒಂದ್ ಪೈಪ್‌ಗೆ ಐನೂರಾ?’ ಎಂದು ಜಗಳಕ್ಕೆ ನಿಲ್ಲುವವರು ನಾವು. ಎರಡೇ ನಿಮಿಷದಲ್ಲಿ ಸ್ಕ್ರೂ ತಿರುಗಿಸಿದವನಿಗೆ ಮುನ್ನೂರು ಕೊಟ್ಟು ‘ಕೈಗುಣ ಐತೆ ಕಣಪ್ಪ’ ಎನ್ನುತ್ತೇವೆ. ಬೆಲೆ ಸಾಮಾನಿಗೆ ಮಾತ್ರ, ಹುಡುಕಾಟಕ್ಕೆ ಇಲ್ಲ ಎಂದು ಗಿರಾಕಿಯೇ ತೀರ್ಮಾನಿಸಿದ ಮೇಲೆ ಅವನು ತಿರುಪನ್ನಲ್ಲದೆ ಇನ್ನೇನನ್ನು ಮುಟ್ಟಬೇಕು?