ಕತ್ತೆತ್ತಿ ನೋಡಿ: ಪಟ್ಟದಕಲ್ಲಿನಲ್ಲಿ ಶಿಖರದ ಪಾಠ

ಖಜುರಾಹೊ, ಭುವನೇಶ್ವರ, ತಂಜಾವೂರು, ಸೋಮನಾಥಪುರ ಎಂದು ಊರೂರು ಸುತ್ತಿ ಬಂದವರನ್ನು ಒಂದು ಗುಡಿಗೂ ಇನ್ನೊಂದಕ್ಕೂ ಏನು ವ್ಯತ್ಯಾಸ ಎಂದು ಕೇಳಿ ನೋಡಿ. ಅಲ್ಲಿ ಕೆತ್ತನೆ ಜಾಸ್ತಿ, ಇಲ್ಲಿ ಎತ್ತರ ಜಾಸ್ತಿ ಎನ್ನುವಲ್ಲಿಗೆ ಮಾತು ನಿಂತುಬಿಡುತ್ತದೆ. ಅವರಿಗೆ ಆಸಕ್ತಿ ಇಲ್ಲವೆಂದಲ್ಲ. ಎಲ್ಲಿ ಕಣ್ಣಿಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ದೇಶದ ದೊಡ್ಡ ಗುಡಿಗಳನ್ನು ನೋಡಲು ಹೊರಟವರಿಗೆ ನಾನು ಕೊಡುವ ಸಲಹೆ ಒಂದೇ: ಮೊದಲು ಪಟ್ಟದಕಲ್ಲಿಗೆ ಹೋಗಿ, ಅಲ್ಲಿ ಒಂದು ಇಡೀ ದಿನ ಕಳೆಯಿರಿ.

ಬಾದಾಮಿಯಿಂದ ಸುಮಾರು 22 ಕಿಲೋಮೀಟರ್ ದೂರದ ಊರು. ಪಕ್ಕದಲ್ಲಿ ಉತ್ತರಕ್ಕೆ ಮುಖ ಮಾಡಿ ಹರಿಯುವ ಮಲಪ್ರಭೆ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ನನ್ನ ಮಟ್ಟಿಗೆ ಇದರ ಹೆಚ್ಚುಗಾರಿಕೆ ಬೇರೆ. ಉತ್ತರದ ನಾಗರ ಶೈಲಿ, ದಕ್ಷಿಣದ ದ್ರಾವಿಡ ಶೈಲಿ ಎಂದು ಪುಸ್ತಕಗಳು ಹೇಳುವ ಎರಡೂ ಬಗೆಯ ಗುಡಿಗಳು ಇಲ್ಲಿ ಒಂದೇ ಬಯಲಿನಲ್ಲಿ ಅಕ್ಕಪಕ್ಕ ನಿಂತಿವೆ. ಎರಡನ್ನೂ ಚಾಲುಕ್ಯರ ಕಾಲದ ಶಿಲ್ಪಿಗಳು ಒಂದೇ ಮರಳುಗಲ್ಲಿನಲ್ಲಿ ಕಟ್ಟಿದರು.

ಬೆಳಿಗ್ಗೆ ಬೇಗ ಹೋಗಿ. ಒಳಗೆ ಕಾಲಿಟ್ಟೊಡನೆ ಶಿಲ್ಪಗಳ ಕಡೆಗೆ ಓಡಬೇಡಿ. ಗಳಗನಾಥ ಮತ್ತು ಸಂಗಮೇಶ್ವರ ಎರಡೂ ಒಟ್ಟಿಗೆ ಕಾಣುವ ಜಾಗ ಹುಡುಕಿ ಹುಲ್ಲಿನ ಮೇಲೆ ಕುಳಿತುಕೊಳ್ಳಿ. ಚೀಲದಲ್ಲಿ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಇರಲಿ. ಎರಡೂ ಗುಡಿಗಳ ತಲೆಯ ಹೊರಗೆರೆಯನ್ನು ಮಾತ್ರ ಬರೆಯಿರಿ. ಚಿತ್ರ ಚೆನ್ನಾಗಿ ಬರಬೇಕಿಲ್ಲ. ಕೈ ಗೆರೆ ಎಳೆಯುವಾಗ ಕಣ್ಣು ತಾನಾಗಿ ನಿಧಾನವಾಗುತ್ತದೆ.

ಗಳಗನಾಥದ ಗೆರೆ ಬುಡದಿಂದ ಎದ್ದು, ಮೇಲೆ ಹೋದಂತೆ ಮೆಲ್ಲಗೆ ಒಳಬಾಗಿ ತುದಿ ಸೇರುತ್ತದೆ. ಇದು ನಾಗರ. ತುದಿಯಲ್ಲಿ ನೆಲ್ಲಿಕಾಯಿಯಂತೆ ಏಣುಗಳಿರುವ ಚಪ್ಪಟೆ ದುಂಡುಗಲ್ಲು, ಅದೇ ಆಮಲಕ. ಮೂಲೆಗಳನ್ನು ಕೆಳಗಿನಿಂದ ಮೇಲಕ್ಕೆ ಗಮನಿಸಿದರೆ ಅಲ್ಲಲ್ಲಿ ಪುಟ್ಟ ಆಮಲಕಗಳು ಕಾಣುತ್ತವೆ. ಒಂದೊಂದೂ ಒಂದು ಅಂತಸ್ತಿನ ಗುರುತು. ಒಂದೇ ಉಸಿರಿನಲ್ಲಿ ಮೇಲೇರಿದಂತೆ ಕಾಣುವ ಶಿಖರದಲ್ಲೂ ಅಂತಸ್ತುಗಳಿವೆ, ಅವು ಒಂದರೊಳಗೊಂದು ಅಡಗಿವೆ. ಮೈತುಂಬ ಬಲೆಯಂತೆ ಹೆಣೆದಿರುವ ಕುದುರೆಲಾಳದ ಆಕಾರಗಳೇ ಗವಾಕ್ಷಗಳು. ಮರದ ಕಟ್ಟಡಗಳ ಕಿಟಕಿ ಕಲ್ಲಿಗೆ ಇಳಿದು ಅಲಂಕಾರವಾದದ್ದು ಹೀಗೆ. ಈ ಗುಡಿಯ ಮುಂದಿನ ಮಂಟಪ ಹೆಚ್ಚೂಕಡಿಮೆ ಹಾಳಾಗಿದೆ. ಅದರಿಂದಾಗಿ ಶಿಖರವೊಂದೇ ಕಣ್ಣಿಗೆ ತುಂಬುತ್ತದೆ, ಕಲಿಯುವವರಿಗೆ ಅದೂ ಒಂದು ಅನುಕೂಲ.

ಈಗ ಸಂಗಮೇಶ್ವರದ ಕಡೆ ತಿರುಗಿ. ಚಾಲುಕ್ಯ ದೊರೆ ವಿಜಯಾದಿತ್ಯ ಕಟ್ಟಿಸಿದ್ದು, ಅವನ ಕಾಲ 696ರಿಂದ 733. ಇಲ್ಲಿ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇದು ದ್ರಾವಿಡ. ಪ್ರತಿ ಮೆಟ್ಟಿಲೂ ಒಂದು ತಲ, ಪ್ರತಿ ತಲದ ಅಂಚಿನಲ್ಲೂ ಪುಟಾಣಿ ಗುಡಿಗಳ ಸಾಲು. ಮೂಲೆಯ ಚೌಕದ ಗುಡಿ ಕೂಟ. ನಡುವೆ ಗಾಡಿಯ ಕಮಾನಿನಂಥ ಮಾಡು ಹೊತ್ತ ಉದ್ದನೆಯದು ಶಾಲಾ. ಈ ಎರಡನ್ನು ಗುರುತಿಸಿದರೆ ತಂಜಾವೂರಿನ ಬೃಹದೀಶ್ವರದ ಅರ್ಧ ನಿಮಗೆ ಅರ್ಥವಾದಂತೆ. 1010ರಲ್ಲಿ ರಾಜರಾಜ ಚೋಳ ಮುಗಿಸಿದ ಆ ವಿಮಾನವೂ (ಗರ್ಭಗುಡಿಯೂ ಅದರ ಮೇಲಿನ ಏರೂ ಸೇರಿದ್ದೇ ವಿಮಾನ) ಕೂಟ, ಶಾಲೆಗಳನ್ನು ಪೇರಿಸಿಯೇ ಆಕಾಶ ಮುಟ್ಟಿದೆ. ಒಂದು ಮಾತು ನೆನಪಿರಲಿ: ನಾಗರದಲ್ಲಿ ಶಿಖರವೆಂದರೆ ಇಡೀ ಏರು, ದ್ರಾವಿಡದಲ್ಲಿ ತುತ್ತತುದಿಯ ಟೋಪಿ ಮಾತ್ರ. ನಾವು ಆಡುಮಾತಿನಲ್ಲಿ ಎಲ್ಲವನ್ನೂ ಗೋಪುರ ಎಂದುಬಿಡುತ್ತೇವೆ. ಗೋಪುರವೆಂದರೆ ಹೆಬ್ಬಾಗಿಲ ಮೇಲಿನದು.

ಇಷ್ಟಾದ ಮೇಲೆ ವಿರೂಪಾಕ್ಷಕ್ಕೆ ಹೋಗಿ. ಬಯಲಿನ ಗುಡಿಗಳಲ್ಲಿ ಇಂದಿಗೂ ಪೂಜೆ ನಡೆಯುವ ಗುಡಿ ಇದು. ಎರಡನೆಯ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಮೊದಲ ಹೆಸರು ಲೋಕೇಶ್ವರ. ಪಕ್ಕದ ಮಲ್ಲಿಕಾರ್ಜುನ ಅವಳ ತಂಗಿ, ಅದೇ ದೊರೆಯ ಇನ್ನೊಬ್ಬ ರಾಣಿ, ತ್ರೈಲೋಕ್ಯಮಹಾದೇವಿಯದು. ಎರಡೂ ಅವಳಿಗಳಂತಿವೆ. ತುದಿಯ ಟೋಪಿ ನೋಡಿ: ಅಕ್ಕನದು ಚೌಕ, ತಂಗಿಯದು ದುಂಡು. ವಿರೂಪಾಕ್ಷವನ್ನು ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಅವನ ಹೆಸರು ಶಾಸನದಲ್ಲೇ ಇದೆ. ಬೇರೆಡೆ ಇಂಥ ಮಹಾಗುಡಿಗಳನ್ನು ಕಟ್ಟಿದ ಎಷ್ಟೋ ಕೈಗಳಿಗೆ ಹೆಸರೇ ಉಳಿದಿಲ್ಲ, ಹಾಗಾಗಿ ಈ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಬೇಕೆನಿಸುತ್ತದೆ.

ಈ ಗುಡಿಯ ಮಗ್ಗುಲಿಗೆ ನಿಂತು ವಿಮಾನ ನೋಡಿ. ತಲ ತಲವಾಗಿ ಏರಿದ ದ್ರಾವಿಡವೇ ಸರಿ. ಮುಂಭಾಗದಲ್ಲಿ ಮೂಗಿನಂತೆ ಒಂದು ಭಾಗ ಚಾಚಿಕೊಂಡಿದೆಯಲ್ಲ, ಅದು ಶುಕನಾಸ. ಸಂಗಮೇಶ್ವರದಲ್ಲಿ ಅದಿಲ್ಲ. ನಾಗರ ಗುಡಿಗಳಲ್ಲಿ ಇರುವಂಥದ್ದು ಅದು. ಇದೇ ಬಯಲಿನ ನಾಗರ ಗುಡಿ ಕಾಶಿ ವಿಶ್ವನಾಥದಲ್ಲಿ ಅದರ ಮುಖದ ಮೇಲೆ ಶಿವ ಕುಣಿಯುತ್ತಿದ್ದಾನೆ. ಅಂದರೆ ಈ ಬಯಲಿನಲ್ಲಿ ಎರಡು ಶೈಲಿಗಳು ಬರೀ ನೆರೆಹೊರೆಯಾಗಿ ಉಳಿಯಲಿಲ್ಲ, ಕೊಟ್ಟು ತೆಗೆದುಕೊಂಡವು. ನಾನು ಪಟ್ಟದಕಲ್ಲಿಗೆ ಮತ್ತೆ ಮತ್ತೆ ಹೋಗುವುದು ಆ ಮೂಗಿಗಾಗಿಯೇ ಎಂದರೂ ತಪ್ಪಿಲ್ಲ. ಕೂಡಿಸುವ ಪ್ರಯತ್ನಗಳೆಲ್ಲ ಹದವಾಗಿ ಬಂದವೆಂದೇನಲ್ಲ. ತುಸು ದೂರದ ಪಾಪನಾಥದಲ್ಲಿ ದ್ರಾವಿಡದ ಉದ್ದನೆಯ ಮಂಟಪಗಳ ಹಿಂದೆ ನಾಗರ ಶಿಖರ ಕೂತಿದೆ. ಮೈಗೆ ತಲೆ ಚಿಕ್ಕದಾಯಿತು ಎಂದು ನನಗೆ ಪ್ರತಿಸಲವೂ ಅನಿಸುತ್ತದೆ. ಅದರ ಗೋಡೆಯ ರಾಮಾಯಣ ಮಾತ್ರ ಬಿಡಬಾರದ್ದು.

ಶಿಲ್ಪಗಳಿಗೆ ಮಧ್ಯಾಹ್ನದ ನಂತರ ಬನ್ನಿ. ವಿರೂಪಾಕ್ಷದ ಪೂರ್ವದ ಮುಖಮಂಟಪದಲ್ಲಿ ತಲೆ ಎತ್ತಿದರೆ ರಥವೇರಿದ ಸೂರ್ಯ. ಒಳಗೆ ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಿ, ಆಮೇಲೆ ಕಂಬಗಳು ಒಂದೊಂದೇ ಕಥೆ ಬಿಚ್ಚುತ್ತವೆ. ಮೊಬೈಲಿನ ಟಾರ್ಚು ಬೇಡ. ಜಾಲಂಧ್ರದಿಂದ, ಅಂದರೆ ಕಲ್ಲಿನ ಜಾಲರಿ ಕಿಟಕಿಯಿಂದ, ಸೋಸಿ ಬರುವ ಬೆಳಕಿಗೇ ಆ ಕೆತ್ತನೆಯ ಆಳ ಹೊಂದುತ್ತದೆ.

ಗುಡಿಗಳ ಈ ಬಯಲಿನಲ್ಲಿರುವ ಒಂದು ಕಂಬದ ಮೇಲೆ ಎರಡನೆಯ ಕೀರ್ತಿವರ್ಮನ ಕಾಲದ, 754ರ ಶಾಸನವಿದೆ. ಭಾಷೆ ಸಂಸ್ಕೃತ. ಅದನ್ನೇ ಒಮ್ಮೆ ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲಿ, ಇನ್ನೊಮ್ಮೆ ಈ ನೆಲದ ಹಳೆಯ ಲಿಪಿಯಲ್ಲಿ ಕೆತ್ತಿದ್ದಾರೆ. ಕಂಬ ನಿಲ್ಲಿಸಿದ ಜ್ಞಾನಶಿವಾಚಾರ್ಯ ಗಂಗೆಯ ಬಡಗಣ ದಂಡೆಯ ಕಡೆಯಿಂದ ಬಂದವನು. ಎರಡು ಬಗೆಯ ಶಿಖರಗಳು ಇಲ್ಲಿ ಹೇಗೆ ಜೊತೆಯಾದವು ಎಂದು ಕೇಳುವವರನ್ನು ನಾನು ಈ ಕಂಬದ ಮುಂದೆ ಕರೆತಂದು ನಿಲ್ಲಿಸುತ್ತೇನೆ.

ಮುಂದಿನ ಪ್ರವಾಸ ಎತ್ತ ಹೋದರೂ ಆ ನೋಟ್‌ಬುಕ್ಕು ಜೊತೆಗಿರಲಿ. ಖಜುರಾಹೊದ ಕಂದರೀಯ ಮಹಾದೇವದಲ್ಲಿ ಮುಖ್ಯ ಶಿಖರಕ್ಕೆ ಒರಗಿ ಮರಿ ಶಿಖರಗಳು ಗುಡ್ಡದ ಸಾಲಿನಂತೆ ಏರುತ್ತವೆ. ಅವೆಲ್ಲ ಗಳಗನಾಥದ ಗೆರೆಯ ಬಳಗವೇ. ಎಲ್ಲೋರದ ಕೈಲಾಸದ ಮುಂದೆ ನಿಂತಾಗ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡೆದ ಸಾಹಸಕ್ಕೆ ಎಲ್ಲರೂ ಬೆರಗಾಗುತ್ತಾರೆ, ನಿಮಗೆ ಅದರಲ್ಲಿ ವಿರೂಪಾಕ್ಷದ ಮುಖಚರ್ಯೆಯೂ ಕಾಣುತ್ತದೆ. ಹೊಯ್ಸಳರ ಶಿಖರ ನೋಡಬೇಕೆಂದರೆ ಬೇಲೂರಿಗಿಂತ ಸೋಮನಾಥಪುರಕ್ಕೆ ಹೋಗಿ. ಬೇಲೂರಿನ ಚೆನ್ನಕೇಶವನ ಶಿಖರ ಉಳಿದಿಲ್ಲ, ಸೋಮನಾಥಪುರದಲ್ಲಿ ಮೂರು ಗರ್ಭಗುಡಿಗಳ ಶಿಖರಗಳೂ ಉಳಿದಿವೆ.

ಕಂಚಿಗೆ ಹೋದರೆ ರೇಷ್ಮೆ ಸೀರೆಯ ಅಂಗಡಿಗಿಂತ ಮೊದಲು ಕೈಲಾಸನಾಥನ ಗುಡಿಗೆ ಹೋಗಿ. ಲೋಕಮಹಾದೇವಿಯ ಗುಡಿಗೆ ಮಾದರಿಯಾದದ್ದು ಅದು. ಅಲ್ಲಿಯ ಮಂಟಪದ ಒಂದು ಕಂಬದಲ್ಲಿ ವಿಕ್ರಮಾದಿತ್ಯ ಬರೆಸಿದ ಕನ್ನಡ ಶಾಸನವಿದೆ: ಊರನ್ನು ಗೆದ್ದ ದೊರೆ ಈ ದೇವರ ಸಂಪತ್ತನ್ನು ಕಣ್ಣಾರೆ ಕಂಡು, ಅದನ್ನು ದೇವರಿಗೇ ಬಿಟ್ಟುಕೊಟ್ಟನೆಂದು. ಅಕ್ಷರ ಸವೆದಿದೆ. ಹತ್ತಿರ ಹೋಗಿ, ಬೆಳಕು ಓರೆಯಾಗಿ ಬೀಳುವವರೆಗೆ ಕಾದು ನೋಡಿ.